ಅಜ್ಜಿಯ ಜ್ವರ, ನನ್ನ ಅರ್ಧಂಬರ್ಧ ಎಂಜಿನಿಯರಿಂಗ್

ಮನೆಯಲ್ಲೊಬ್ಬ ಬಿಇ ಓದುತ್ತಿದ್ದರೆ ಮಿಕ್ಸಿ ಕೆಟ್ಟರೂ ಅವನಿಗೇ ಫೋನು, ರಕ್ತಪರೀಕ್ಷೆಯ ರಿಪೋರ್ಟ್ ಬಂದರೂ ಅವನಿಗೇ. ಕಳೆದ ಅಕ್ಟೋಬರ್‌ನಲ್ಲಿ ಅಮ್ಮ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಅಜ್ಜಿಯ ರಿಪೋರ್ಟ್.

ಮಲೆನಾಡಿನ ನಮ್ಮೂರಲ್ಲಿ ಜ್ವರ ಅಂದರೆ ಮೊದಲು ಮಂಗನ ಕಾಯಿಲೆಯ ಭಯ, ಆಮೇಲೆ ಡೆಂಗಿಯದ್ದು. ಅಜ್ಜಿಗೆ ನಾಲ್ಕು ದಿನದಿಂದ ಜ್ವರ, ತಲೆ ಸಿಡಿಯುವಷ್ಟು ನೋವು. ಡಾಕ್ಟರ್ ಮೇಡಂ ಪರೀಕ್ಷಿಸುವಾಗ ಸೊಂಟದಲ್ಲಿ, ಸೀರೆ ಕಟ್ಟುವ ಜಾಗದಲ್ಲಿ, ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಂಡಿತು. ನೋವಿಲ್ಲದ್ದರಿಂದ ಅಜ್ಜಿ ಯಾರಿಗೂ ಹೇಳಿರಲಿಲ್ಲ. ‘ಸ್ಕ್ರಬ್ ಟೈಫಸ್ ಇರಬೇಕು’ ಎಂದು ಮೇಡಂ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದು, ರಕ್ತಪರೀಕ್ಷೆಗೂ ಕಳಿಸಿದರು. ಹುಲ್ಲು, ಪೊದೆಗಳಲ್ಲಿ ಇರುವ ಒಂದು ಬಗೆಯ ನುಸಿಯ ಮರಿ ಕಚ್ಚಿದಾಗ ಮೈಸೇರುವ ಬ್ಯಾಕ್ಟೀರಿಯಾದಿಂದ ಬರುವ ಜ್ವರವಿದು.

ರಿಪೋರ್ಟ್‌ನಲ್ಲಿ ‘ವೈಲ್–ಫೆಲಿಕ್ಸ್: ನೆಗೆಟಿವ್’ ಎಂದಿತ್ತು. ‘ನೆಗೆಟಿವ್ ಇದೆಯಲ್ಲಮ್ಮ, ಮತ್ಯಾಕೆ ಆ್ಯಂಟಿಬಯಾಟಿಕ್?’ ಅಂದುಬಿಟ್ಟೆ. ಅಮ್ಮ ರಾತ್ರಿಯ ಮಾತ್ರೆ ಕೊಡಲಿಲ್ಲ. ಬೆಳಿಗ್ಗೆ ಜ್ವರ 104 ಡಿಗ್ರಿ, ಅಜ್ಜಿ ಏನೇನೋ ಬಡಬಡಿಸುತ್ತಿದ್ದರು.

ಆಸ್ಪತ್ರೆಯಲ್ಲಿ ಮೇಡಂ ಅಮ್ಮನ ಫೋನ್ ಇಸಕೊಂಡು ಕೇಳಿದರು: ‘ಏನಪ್ಪಾ ಓದ್ತಿದ್ದೀಯ?’

‘ಎಲೆಕ್ಟ್ರಾನಿಕ್ಸ್, ಮೇಡಂ.’

‘ಸಿಗ್ನಲ್ ಬರೋಕೆ ಮುಂಚೆನೇ ರೀಡಿಂಗ್ ತಗೊಂಡು ಸೊನ್ನೆ ಅಂತ ಬರ್ಕೋತೀಯಾ?’

ಆ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಪತ್ತೆಯಾಗುವ ಮಟ್ಟಕ್ಕೆ ಬರಲು ಸುಮಾರು ಒಂದು ವಾರ ಬೇಕು. ಆಮೇಲೆ ಓದಿದಾಗ ಇನ್ನೂ ನಾಚಿಕೆಯಾಯಿತು. ಟೈಫಸ್ ರೋಗಿಗಳ ಸೀರಮ್ ಸೇರಿಸಿದರೆ ಪ್ರೋಟಿಯಸ್ ಎಂಬ ಬೇರೆಯದೇ ಬ್ಯಾಕ್ಟೀರಿಯಾ ಗುಂಪುಗಟ್ಟುತ್ತದೆಂದು ವೈಲ್ ಮತ್ತು ಫೆಲಿಕ್ಸ್ 1916ರಲ್ಲಿ ಕಂಡುಕೊಂಡರು. ಜೀವಂತ ಕೋಶದೊಳಗೆ ಮಾತ್ರ ಬೆಳೆಯುವ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸುವ ತಾಪತ್ರಯವೇ ಇಲ್ಲ! ಅಗ್ಗದ ಈ ಉಪಾಯ ಇಂದಿಗೂ ಸಣ್ಣ ಲ್ಯಾಬ್‌ಗಳಲ್ಲಿದೆ. ಆದರೆ ಎಷ್ಟೋ ನಿಜವಾದ ರೋಗಿಗಳು ಇದರ ಕಣ್ಣು ತಪ್ಪಿಸುತ್ತಾರೆ.

ಐಜಿಎಂ ಎಲೈಸಾ ಇದಕ್ಕಿಂತ ವಾಸಿ. ಅದರಲ್ಲಿ ಪ್ಲೇಟಿನ ಪುಟ್ಟ ಗುಳಿಗಳಿಗೆ ಅದೇ ರೋಗಾಣುವಿನ ಪ್ರೋಟೀನ್ ಅಂಟಿಸಿರುತ್ತಾರೆ. ಪ್ರತಿಕಾಯ ಇದ್ದರೆ ಬಣ್ಣ ಬರುತ್ತದೆ. ಆದರೂ ಮೊದಲ ದಿನಗಳಲ್ಲಿ ಅದೂ ನೆಗೆಟಿವ್ ತೋರಿಸಬಹುದು. ಕೆಲವರಲ್ಲಿ ಹಳೆಯ ಸೋಂಕಿನ ಐಜಿಎಂ ತಿಂಗಳುಗಟ್ಟಲೆ ಉಳಿಯುವುದರಿಂದ ಪಾಸಿಟಿವ್ ಅನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಗಟ್ಟಿ ಪುರಾವೆ ಬೇಕೆಂದರೆ ಎರಡು ವಾರದ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಪ್ರತಿಕಾಯದ ಮಟ್ಟ ನಾಲ್ಕು ಪಟ್ಟು ಏರಿದೆಯೇ ನೋಡಬೇಕು. ಅಷ್ಟರಲ್ಲಿ ರೋಗಿ ಗುಣವಾಗಿರುತ್ತಾರೆ, ಇಲ್ಲವೇ... ಅದಕ್ಕೇ ಅನುಮಾನ ಬಂದ ಕೂಡಲೇ ವೈದ್ಯರು ಮಾತ್ರೆ ಶುರು ಮಾಡುವುದು.

ಮಾತ್ರೆ ಮತ್ತೆ ಶುರುವಾದ ಎರಡನೇ ದಿನಕ್ಕೇ ಅಜ್ಜಿಯ ಜ್ವರ ಇಳಿಯಿತು. ಹನ್ನೊಂದನೇ ದಿನ ತೆಗೆದ ರಕ್ತದ ಎಲೈಸಾ ರಿಪೋರ್ಟ್‌ನಲ್ಲಿ ಪಾಸಿಟಿವ್. ಹೇಳಲು ಫೋನ್ ಮಾಡಿದೆ.

‘ಅಜ್ಜಿ ಎಲ್ಲಮ್ಮ?’

‘ದನಕ್ಕೆ ಹುಲ್ಲು ಕೊಯ್ಯಕ್ಕೆ ಹೋಗಿದಾರೆ.’

‘ಮೈತುಂಬ ಬಟ್ಟೆ ಹಾಕ್ಕೊಂಡು ಹೋದ್ರಾ?’

‘ನಿನ್ನ ಹಳೇ ಕಾಲೇಜ್ ಪ್ಯಾಂಟ್ ಹಾಕ್ಕೊಂಡು ಹೋಗಿದಾರೆ, ಸೀರೆ ಒಳಗೆ!’