ಕೋವಿಗಿಂತ ಮೊದಲು ಬಂದ ತೋಟಾ

1930ರಲ್ಲಿ ಅಮೆರಿಕದ ವಿಂಚೆಸ್ಟರ್ ಕಂಪನಿ .22 ಹಾರ್ನೆಟ್ ಎಂಬ ಹೊಸ ತೋಟಾವನ್ನು ಮಾರುಕಟ್ಟೆಗೆ ಬಿಟ್ಟಿತು. ಅದನ್ನು ತುಂಬಿ ಹಾರಿಸಲು ಕಾರ್ಖಾನೆಯಲ್ಲಿ ತಯಾರಾದ ಒಂದು ರೈಫಲ್ಲೂ ಆಗ ಅಂಗಡಿಗಳಲ್ಲಿ ಇರಲಿಲ್ಲ. ಆದರೂ ತೋಟಾ ಖರ್ಚಾಯಿತು. ಕೊಂಡವರೆಲ್ಲ ಕಸುಬುದಾರರ ಕೈಯಲ್ಲಿ ಕೋವಿ ಮಾಡಿಸಿಕೊಂಡವರು. ಸಣ್ಣ ಬೇಟೆಗೆ ಮೊದಲ ಸಲ ರೈಫಲ್ ಕಟ್ಟಿಸುವವರು ‘ಯಾವ ತೋಟಾ?’ ಎಂದು ಇಂದಿಗೂ ತಲೆಕೆಡಿಸಿಕೊಳ್ಳುತ್ತಾರೆ. ಹಾರ್ನೆಟ್ ಹುಟ್ಟಿದ ಕತೆ ಗೊತ್ತಿದ್ದರೆ ಅವರ ಅರ್ಧ ತಲೆಬಿಸಿ ಇಳಿದೀತು.

ಪೂರ್ವ ಅಮೆರಿಕದ ಹೊಲಗಳಲ್ಲಿ ವುಡ್‌ಚಕ್ ಎಂಬ ದಪ್ಪನೆಯ ಪ್ರಾಣಿಯೊಂದಿದೆ. ಬೆಳೆ ತಿನ್ನುತ್ತದೆ, ಬಿಲ ತೋಡುತ್ತದೆ. ಆ ಬಿಲದಲ್ಲಿ ದನ, ಕುದುರೆ ಕಾಲು ಸಿಕ್ಕಿಸಿಕೊಂಡರೆ ರೈತನಿಗೆ ನಷ್ಟ. ಮಾಮೂಲಿ ಪಾಯಿಂಟ್ ಟೂಟೂ ಗುಂಡು ನೂರು ಗಜ ದಾಟುವುದರೊಳಗೆ ಸೋತುಹೋಗುತ್ತಿತ್ತು. ಸೈನ್ಯದ .30-06 ಹೊಡೆದರೆ ಸದ್ದಿಗೆ ಇಡೀ ಊರು ಎದ್ದು ಕೂರುವುದಲ್ಲದೆ, ನೆಲಕ್ಕೆ ಬಡಿದ ಗುಂಡು ಚಿಮ್ಮಿ ಯಾರ ಕೊಟ್ಟಿಗೆಗೆ ಬೀಳುತ್ತದೋ ಹೇಳಲಾಗದು. ಇವೆರಡರ ನಡುವಿನದೊಂದು ಬೇಕಿತ್ತು.

1920ರ ದಶಕದ ಕೊನೆಯಲ್ಲಿ ಅದನ್ನು ಹುಡುಕಿದವರು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರಕ್ಕೆ ಹತ್ತಿರದ ಕೆಲವರು: ಟೌನ್ಸೆಂಡ್ ವೀಲೆನ್, ಜಿ.ಎಲ್. ವಾಟ್ಕಿನ್ಸ್ ಮೊದಲಾದ ಸೇನಾಧಿಕಾರಿಗಳು. ಸರ್ಕಾರದ ಆಜ್ಞೆಯೇನೂ ಇರಲಿಲ್ಲ, ಇದು ಅವರ ಹವ್ಯಾಸ. ಕೈಗೆ ಸಿಕ್ಕದ್ದು ಎರಡು. ಒಂದು, ವಿಂಚೆಸ್ಟರ್ 1885ರಲ್ಲಿ ತಂದು ಆಗಲೇ ಹಳೆಯದಾಗಿದ್ದ .22 ಡಬ್ಲ್ಯುಸಿಎಫ್ ಎಂಬ ಕರಿಮದ್ದಿನ ತೋಟಾದ ಹಿತ್ತಾಳೆ ಚಿಪ್ಪು. ಇನ್ನೊಂದು, ಸೈನಿಕರ ಗುರಿ ಅಭ್ಯಾಸಕ್ಕೆಂದು ಮಾಡಿದ್ದ 1922ರ ಸ್ಪ್ರಿಂಗ್‌ಫೀಲ್ಡ್ ರೈಫಲ್. ಕರಿಮದ್ದಿನಲ್ಲಿ ಆ ಚಿಪ್ಪು 45 ಗ್ರೇನಿನ, ಎಂದರೆ ಸುಮಾರು 3 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ 1,500 ಅಡಿಯ ಆಸುಪಾಸಿನಲ್ಲಿ ಎಸೆಯುತ್ತಿತ್ತು. ಹೊಗೆರಹಿತ ಮದ್ದು ತುಂಬಿದಾಗ ವೇಗ 2,400 ಅಡಿಯ ಹತ್ತಿರಕ್ಕೆ ಏರಿತು. ರೈಫಲ್ಲಿನ ಚೇಂಬರನ್ನು ಉದ್ದಕ್ಕೆ ಕೊರೆದು, ತೋಟಾದ ಅಂಚಿಗೆ ಹೊಡೆಯುತ್ತಿದ್ದ ಸೂಜಿಯನ್ನು ನಡುವಿಗೆ ಹೊಡೆಯುವಂತೆ ಬದಲಿಸಿದರು. ಬ್ಯಾರೆಲ್ ಮಾತ್ರ ಹಾಗೆಯೇ ಉಳಿಯಿತು.

ಹಾಗೆ ಉಳಿದ ಬ್ಯಾರೆಲ್ಲೇ ಮುಂದಿನದನ್ನೆಲ್ಲ ತೀರ್ಮಾನಿಸಿದ್ದು. ಬ್ಯಾರೆಲ್ಲಿನ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಗುಂಡು ಬುಗುರಿಯ ಹಾಗೆ ಸುತ್ತುತ್ತ ನೆಟ್ಟಗೆ ಹೋಗುವುದು ಅವುಗಳಿಂದ. ಆ ಅಭ್ಯಾಸದ ರೈಫಲ್ಲಿನ ಗೀರು 16 ಇಂಚಿಗೆ ಒಂದು ಸುತ್ತು ಹಾಕುತ್ತಿತ್ತು, ಏಕೆಂದರೆ ಅದು 40 ಗ್ರೇನಿನ ಗಿಡ್ಡ ಸೀಸದ ಗುಂಡಿಗೆಂದು ಮಾಡಿದ್ದು. ಉದ್ದನೆಯ ಗುಂಡು ನೆಟ್ಟಗೆ ನಿಲ್ಲಬೇಕಾದರೆ ಇನ್ನೂ ಬೇಗ ಸುತ್ತಬೇಕು. ಹೀಗಾಗಿ ಹಾರ್ನೆಟ್ಟಿಗೆ 45 ಗ್ರೇನಿನ ಗಿಡ್ಡ ಗುಂಡೇ ಗಟ್ಟಿಯಾಯಿತು. ಮುಂದೆ ಕಾರ್ಖಾನೆಗಳು ಹೊಸದಾಗಿ ಬ್ಯಾರೆಲ್ ಕೊರೆದಾಗಲೂ 16 ಇಂಚಿನ ಸುತ್ತನ್ನೇ ಇಟ್ಟುಕೊಂಡವು. ಎಂಜಿನಿಯರಿಂಗ್ ಚರಿತ್ರೆಯಲ್ಲಿ ಇಂಥ ಪಿತ್ರಾರ್ಜಿತಗಳು ಎಷ್ಟಿವೆಯೋ!

ನ್ಯೂಯಾರ್ಕಿನ ಗ್ರಿಫಿನ್ ಅಂಡ್ ಹೋ ಅಂಥವರು ಸ್ಪ್ರಿಂಗ್‌ಫೀಲ್ಡ್‌ಗಳನ್ನು ಹಾರ್ನೆಟ್ಟಿಗೆ ಮಾರ್ಪಡಿಸಿ ಕೊಡತೊಡಗಿದರು. ಈ ಸಂಸ್ಥೆಯ ಸೀಮೋರ್ ಗ್ರಿಫಿನ್ ಮೂಲತಃ ಬಡಗಿ, ಪೀಠೋಪಕರಣ ಮಾಡುತ್ತಿದ್ದವನು. ಲೋಹದ ಕೆಲಸ ಬಲ್ಲ ಜೇಮ್ಸ್ ಹೋ ಜೊತೆ ಸೇರಿ ಅವನು 1923ರಲ್ಲಿ ಅಂಗಡಿ ತೆರೆದ. ಆ ಜೋಡಿಯನ್ನು ಕೂಡಿಸುವುದರಲ್ಲೂ ವೀಲೆನ್ ಕೈಯಿತ್ತು. ಸ್ಯಾವೇಜ್, ವಿಂಚೆಸ್ಟರ್ ಕಾರ್ಖಾನೆಗಳ ಹಾರ್ನೆಟ್ ರೈಫಲ್‌ಗಳು ಬಂದದ್ದು 1932-33ರ ಹೊತ್ತಿಗೆ.

ಅಷ್ಟಕ್ಕೂ ಇನ್ನೊಂದರಿಂದ ಎರವಲು ಪಡೆಯದ ತೋಟಾಗಳು ಆ ಕಾಲದಲ್ಲಿ ಅಪರೂಪ. ತೇಜಸ್ವಿಯವರ ಅನುವಾದದಲ್ಲಿ ರುದ್ರಪ್ರಯಾಗದ ನರಭಕ್ಷಕನ ಕತೆ ಓದಿದವರಿಗೆ ಕಾರ್ಬೆಟ್ ಪರಿಚಿತ. ಅವನ .275 ರಿಗ್ಬಿಯ ತೋಟಾ ಜರ್ಮನಿಯ 7 ಮಿ.ಮೀ. ಮೌಸರ್ ಸೈನಿಕ ತೋಟಾವೇ, ಇಂಗ್ಲಿಷ್ ಹೆಸರಿನಲ್ಲಿ. ನಮ್ಮಲ್ಲಂತೂ ಆಯ್ಕೆಯನ್ನು ಕಾನೂನೇ ಮಾಡಿಬಿಟ್ಟಿತ್ತು: ಸೈನ್ಯದ .303 ಖಾಸಗಿಯವರಿಗೆ ನಿಷಿದ್ಧ, ಆದ್ದರಿಂದ ಇಶಾಪುರದ ಕಾರ್ಖಾನೆ .315 ರೈಫಲ್ ತಯಾರಿಸಿತು. ಅದರ ತೋಟಾದ ಮೂಲ ಆಸ್ಟ್ರಿಯಾದ ಮಾನ್ಲಿಕರ್. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಇಲ್ಲಿ ಬೇಟೆಗೆಂದು ರೈಫಲ್ ಕಟ್ಟಿಸುವ ಮಾತೇ ಮುಗಿಯಿತು.

ಅಮೆರಿಕದಲ್ಲಿ ಮಾತ್ರ ವೇಗದ ಹುಚ್ಚು ಹಿಡಿಯಿತು. 1935ರ .220 ಸ್ವಿಫ್ಟ್ 48 ಗ್ರೇನಿನ ಗುಂಡನ್ನು ಸೆಕೆಂಡಿಗೆ 4,100 ಅಡಿಯಲ್ಲಿ ಹಾರಿಸಿತು. ಜಾಹೀರಾತಿಗೆ ಒಳ್ಳೆಯ ಅಂಕಿ. ಆದರೆ ಅಷ್ಟು ಮದ್ದು ಸುಟ್ಟರೆ ಬ್ಯಾರೆಲ್ಲಿನ ಬುಡ ಬೇಗ ಸವೆಯುತ್ತದೆ, ಸದ್ದೂ ಜಾಸ್ತಿ. ಮೊದಲ ಸಲ ಕಟ್ಟಿಸುವವನಿಗೆ ಇದು ತಕ್ಕದ್ದೆಂದು ನನಗನ್ನಿಸುವುದಿಲ್ಲ. ಹಾರ್ನೆಟ್ಟಿಗೂ ಕುಂದುಗಳುಂಟು. ಚಿಪ್ಪು ತೆಳು, ಮತ್ತೆ ಮತ್ತೆ ತುಂಬಿದರೆ ಬೇಗ ಸೀಳುತ್ತದೆ. ಬುಡದ ಅಂಚು ಹೊರಚಾಚಿರುವುದರಿಂದ ಮ್ಯಾಗಜೀನಿನಲ್ಲಿ ಒಂದಕ್ಕೊಂದು ತೊಡರುವುದೂ ಇದೆ.

1950ರಲ್ಲಿ ರೆಮಿಂಗ್ಟನ್ನಿನ ಮೈಕ್ ವಾಕರ್ ಹಳೆಯ ಚಿಪ್ಪುಗಳ ಗೊಡವೆಯೇ ಬೇಡವೆಂದು .222 ರೆಮಿಂಗ್ಟನ್ನನ್ನು ಬುಡದಿಂದ ಹೊಸದಾಗಿ ರೂಪಿಸಿದ. ಗುರಿಸ್ಪರ್ಧೆಯವರು ಅದನ್ನು ವರ್ಷಗಟ್ಟಲೆ ಬಿಡಲಿಲ್ಲ. ಅದರ ಮನೆತನದಿಂದಲೇ ಬಂದ .223 ಸೈನ್ಯ ಸೇರಿ, 1964ರಲ್ಲಿ ಬೇಟೆಗಾರರ ಕೈಗೂ ಸಿಕ್ಕಿತು. ಇವತ್ತು ಅಗ್ಗವಾಗಿ, ಎಲ್ಲೆಡೆ ದೊರೆಯುವುದು ಇದೇ. ಆದರೆ .223 ಎಂದಷ್ಟೇ ಬರೆದುಕೊಟ್ಟರೆ ಕೆಲಸ ಶುರುವಾಗುವುದಿಲ್ಲ. 55 ಗ್ರೇನಿನ ಗುಂಡಿಗೆ 12 ಇಂಚಿನ ಸುತ್ತು ಸಾಕು, 77 ಗ್ರೇನಿನದಕ್ಕೆ 8 ಇಂಚೋ ಅದಕ್ಕೂ ಬಿಗಿಯೋ ಬೇಕು. ಬ್ಯಾರೆಲ್ ಒಮ್ಮೆ ಕೊರೆದರೆ ತಿದ್ದಲಾಗದು. ಹಾಗಾಗಿ ಗುಂಡಿನ ತೂಕ ಗೊತ್ತಾಗುವವರೆಗೆ ಬ್ಯಾರೆಲ್ಲಿಗೆ ಆರ್ಡರ್ ಕೊಡುವಂತಿಲ್ಲ.