ಪಾಠಕ್ಕೆ ವಿನಾಯಿತಿ, ಪ್ರಕಟಣೆಗೆ ಅನುಮತಿ

ಕೃತಿಸ್ವಾಮ್ಯ ಲೇಖಕರ ಜೀವಿತಾವಧಿಯ ಜೊತೆಗೆ ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಅವರ ಕಾಲದಲ್ಲೇ ಅಚ್ಚಾದ ಹಾಡುಗಳನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮುದ್ರಿಸಲು ಈಗ ಯಾರನ್ನೂ ಕೇಳಬೇಕಿಲ್ಲ. 1997ರಲ್ಲಿ ತೀರಿಕೊಂಡ ಶಿವರಾಮ ಕಾರಂತರ ಬರಹಗಳಿಗೆ ರಕ್ಷಣೆ 2057ರ ಕೊನೆಯವರೆಗಿದೆ. ಮೂಡುಬಿದಿರೆಯ ರತ್ನಾಕರವರ್ಣಿಯ ‘ಭರತೇಶ ವೈಭವ’ದ ಮೂಲಪದ್ಯಗಳು ಮುಕ್ತ, ಈಚಿನ ಸಂಪಾದಕರ ಮುನ್ನುಡಿ, ಟಿಪ್ಪಣಿಗಳು ಹಾಗಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಪಾಠ ಹೇಳುವವರ ಬೆನ್ನಿಗಿದೆ. ಬೋಧನೆಯ ಅಂಗವಾಗಿ ಅಧ್ಯಾಪಕರು, ವಿದ್ಯಾರ್ಥಿಗಳು ಪ್ರತಿ ಮಾಡಬಹುದು, ಪ್ರಶ್ನೆಪತ್ರಿಕೆಯಲ್ಲಿ ಬಳಸಬಹುದು, ವಿಮರ್ಶೆಗೆ ಬೇಕಾದಷ್ಟು ಉಲ್ಲೇಖಿಸಬಹುದು. ಪುಸ್ತಕದ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ ಕಟ್ಟಿದ ಪಠ್ಯಕಂತೆಗೂ ಬೋಧನೆಗೆ ಅಗತ್ಯವಿದ್ದಷ್ಟು ಈ ವಿನಾಯಿತಿ ಸಲ್ಲುತ್ತದೆಂದು 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಉಜಿರೆಯ ತರಗತಿಯಲ್ಲಿ ಒಂದು ಕತೆಯ ಪ್ರತಿ ಹಂಚಲು ಪತ್ರವ್ಯವಹಾರ ಬೇಡ. ಲೇಖಕರ ಹೆಸರು ಮಾತ್ರ ಇರಲೇಬೇಕು.

ಯಕ್ಷಗಾನದ ನಾಡಾದ ಕರಾವಳಿಯಲ್ಲಿ ಹೆಚ್ಚು ಗೊಂದಲವಾಗುವುದು ರಂಗದ ಮೇಲೆ. ಕಾಲೇಜಿನವರೇ ಆಡಿ, ಸಿಬ್ಬಂದಿ, ವಿದ್ಯಾರ್ಥಿಗಳು, ಹೆತ್ತವರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರು ನೋಡುವ ಆಟಕ್ಕೆ ಅನುಮತಿ ಬೇಡ. ಟಿಕೆಟ್ ಇಟ್ಟು ಊರವರನ್ನು ಕರೆದರೆ ಬೇಕು. ಕಾರಂತರು ರೂಪಿಸಿದ ಯಕ್ಷರಂಗದ ಬ್ಯಾಲೆಗಳ ಹಕ್ಕು ಉಯಿಲಿನ ಮೂಲಕ ಬಿ. ಮಾಲಿನಿ ಮಲ್ಯರಿಗೆ ಬಂದಿತ್ತು. 2001ರಲ್ಲಿ ‘ಅಭಿಮನ್ಯು ವಧೆ’ಯನ್ನು ತಮ್ಮ ಒಪ್ಪಿಗೆಯಿಲ್ಲದೆ ದೆಹಲಿಯಲ್ಲಿ ಆಡಲಾಯಿತೆಂದು ಅವರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಮೇಲೆ ದಾವೆ ಹೂಡಿದರು. ಉಡುಪಿಯಲ್ಲಿ ಆರಂಭವಾದ ವ್ಯಾಜ್ಯ 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಹಕ್ಕು ಮಲ್ಯರದೇ ಎಂದ ನ್ಯಾಯಾಲಯ, ಶಿಕ್ಷಣಕ್ಕೂ ಹವ್ಯಾಸಿ ತಂಡಗಳ ಉಚಿತ ಪ್ರದರ್ಶನಕ್ಕೂ ಕಾಯ್ದೆ ಕೊಟ್ಟ ವಿನಾಯಿತಿಗಳಿಗೆ ಅಕಾಡೆಮಿಯ ಮೇಲಿನ ತಡೆಯಾಜ್ಞೆ ಅಡ್ಡಿಯಾಗದೆಂದೂ ಸ್ಪಷ್ಟಪಡಿಸಿತು. ಇದು ಹಕ್ಕುದಾರರೂ ಕೃತಿ ಬಳಸುವವರೂ ನೆನಪಿಡಬೇಕಾದ ತೀರ್ಪು.

ಪಾಠದಾಚೆಗಿನ ಬಳಕೆಗೆ, ಅಂದರೆ ಸಂಚಿಕೆ, ಅನುವಾದ, ಮಾರಾಟದ ಸಂಕಲನಗಳಿಗೆ, ಲಿಖಿತ ಅನುಮತಿ ಬೇಕು. ಹಕ್ಕು ಯಾರದೆಂದು ಪುಸ್ತಕದ ಮೊದಲ ಪುಟಗಳಲ್ಲಿ ನೋಡಿ ಲೇಖಕರಿಗೋ ಪ್ರಕಾಶಕರಿಗೋ ವಾರಸುದಾರರಿಗೋ ಬರೆಯಬೇಕು. ಯಾವ ಭಾಗ, ಯಾವ ಉದ್ದೇಶ, ಎಷ್ಟು ಪ್ರತಿ, ಅಚ್ಚಿಗೋ ಅಂತರ್ಜಾಲಕ್ಕೋ ಎಂಬುದು ಪತ್ರದಲ್ಲಿರಲಿ. ಅವಧಿ ಬರೆಯದಿದ್ದರೆ ಅನುಮತಿ 5 ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ. ಪತ್ರಕ್ಕೆ ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದುಕೊಳ್ಳುವಂತಿಲ್ಲ. ಆಗ ಇಡೀ ಕವನ ಬಿಟ್ಟು, ಚರ್ಚೆಗೆ ಬೇಕಾದ ಸಾಲುಗಳನ್ನಷ್ಟೇ ಉಲ್ಲೇಖಿಸಬಹುದು.