ಅಂಗಳವೇ ರಂಗಸ್ಥಳ: ಪುಟ್ಟ ಮಕ್ಕಳಿಗೆ ಕತೆ ಮತ್ತು ಆಟ

ಅಡಿಕೆ ಕೊಯ್ಲಿನ ಸಮಯ. ಅಪ್ಪ ತೋಟದಲ್ಲಿ, ಅಮ್ಮ ಹಟ್ಟಿಯಲ್ಲಿ. ನಾಲ್ಕು ವರ್ಷದ ಮಗು ಕೆಲಸಕ್ಕೆ ಅಡ್ಡ ಬಾರದಿರಲೆಂದು ಕೈಗೊಂದು ಮೊಬೈಲ್ ಕೊಟ್ಟು ಜಗಲಿಯಲ್ಲಿ ಕೂರಿಸುತ್ತೇವೆ. ಕಾಸರಗೋಡಿನ ನಮ್ಮ ತೋಟದ ಮನೆಗಳಲ್ಲಿ ಇದು ಈಗ ಸಾಮಾನ್ಯ ನೋಟ. ಮಗು ಸುಮ್ಮನಿರುತ್ತದೆ, ನಿಜ. ಆದರೆ ಮೂರರಿಂದ ಆರು ವರ್ಷ ಸುಮ್ಮನಿರುವ ಪ್ರಾಯವಲ್ಲ.

3-4 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 3 ಗಂಟೆ ಮೈ ಆಡಿಸಬೇಕು, ಅದರಲ್ಲಿ 1 ಗಂಟೆಯಾದರೂ ಓಟ, ಜಿಗಿತದಂತಹ ಬಿರುಸಿನ ಆಟವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ಟಿ.ವಿ., ಮೊಬೈಲ್ ನೋಡುತ್ತ ಕೂರುವುದು 1 ಗಂಟೆ ಮೀರಬಾರದು. ಕುಳಿತಿರುವ ಹೊತ್ತಿನಲ್ಲಿ ಹಿರಿಯರು ಕತೆ ಹೇಳುವುದು ಒಳ್ಳೆಯದೆಂದೂ ಅದೇ ಸಲಹೆಯಲ್ಲಿದೆ.

ಹೆಸರಿನಲ್ಲೇ ಅಂಗಳ

‘ಅಂಗನವಾಡಿ’ ಎಂಬ ಹೆಸರಿನಲ್ಲೇ ಅಂಗಳವಿದೆ. 1920ರಲ್ಲಿ ಆರಂಭವಾದ ಗುಜರಾತಿನ ಭಾವನಗರದ ಬಾಲಮಂದಿರದಲ್ಲಿ ಗಿಜುಭಾಯಿ ಬಧೇಕಾ ಅವರು ಕತೆ, ನಾಟಕಗಳನ್ನು ಕಲಿಕೆಯ ಭಾಗವಾಗಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್, ಮುಂದೆ ಅನುತಾಯಿ ವಾಘ್ ಅವರ ಜೊತೆಗೂಡಿ, ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಬಡಮಕ್ಕಳಿದ್ದ ಅಂಗಳಕ್ಕೇ ಶಾಲೆಯನ್ನು ಒಯ್ದರು. ಸುತ್ತಮುತ್ತ ಸಿಗುವ ಎಲೆ, ಕಲ್ಲು, ಬೀಜಗಳಿಂದಲೇ ಕಲಿಸಿದರು. ನಮ್ಮ ತೋಟಗಳಲ್ಲಿ ಇವಕ್ಕೇನು ಬರ?

ಆಡಿಸುವುದು ಹೇಗೆ?

ಬಿಸಿಲು ತಗ್ಗಿದ ಮೇಲೆ ಅರ್ಧ ಗಂಟೆ ಸಾಕು. ಎಲ್ಲರಿಗೂ ಗೊತ್ತಿರುವ ಕಾಗಕ್ಕ-ಗುಬ್ಬಕ್ಕನ ಕತೆಯನ್ನೇ ತೆಗೆದುಕೊಳ್ಳಿ.

1. ಮೊದಲ ದಿನ ಕತೆ ಹೇಳಿ. ಮನೆಮಾತು ಕೊಂಕಣಿಯಾಗಲಿ, ತುಳುವಾಗಲಿ, ಕನ್ನಡವಾಗಲಿ, ಕತೆ ಆ ಭಾಷೆಯಲ್ಲೇ ಇರಲಿ. ಹೊರಗೆ ಮಲಯಾಳ ಕಲಿಯುವ ಮಗುವಿಗೂ ಮನೆಮಾತಿನ ಬೇರು ಗಟ್ಟಿಯಾಗುವುದು ಅಜ್ಜಿಯ ಕತೆಯಿಂದ.

2. ಮರುದಿನವೂ ಅದೇ ಕತೆ. ಬೇಸರ ನಮಗೆ, ಮಕ್ಕಳಿಗಲ್ಲ. ನಡುವೆ ನಿಲ್ಲಿಸಿ “ಆಮೇಲೆ ಏನಾಯಿತು?” ಎಂದು ಕೇಳಿ.

3. ಮೂರನೆಯ ದಿನ ಆಡಿಸಿ. ಹಲಸಿನೆಲೆಗಳನ್ನು ಕಡ್ಡಿಯಿಂದ ಚುಚ್ಚಿ ಜೋಡಿಸಿದರೆ ಕಿರೀಟ. ಒಣ ಸೋಗೆಯ ಮರೆ ಗುಬ್ಬಕ್ಕನ ಮನೆ. ಗೆರಟೆಗೆ ಗೆರಟೆ ಬಡಿದರೆ ಮಳೆ.

4. ಪಾತ್ರ ಬದಲಿಸಿ. ನಿನ್ನೆಯ ಗುಬ್ಬಕ್ಕ ಇಂದು ಕಾಗಕ್ಕ. ನಾಚುವ ಮಗು ಮರವಾಗಿ ನಿಲ್ಲಲಿ. ಮಾತು ತಪ್ಪಿದರೆ ನಗಬೇಡಿ.

ಮನೆ ಕೊಚ್ಚಿಹೋಗಿ ಬಾಗಿಲು ತಟ್ಟುವ ಕಾಗಕ್ಕ ತನ್ನ ಸರದಿಗೆ ಕಾಯಲೇಬೇಕು. ಹೀಗೆ ಮಗು ತಾಳ್ಮೆ ಕಲಿಯುತ್ತದೆ. ನಿನ್ನೆ ಒಳಗೆ ಬೆಚ್ಚಗಿದ್ದವಳಿಗೆ ಇಂದು ಹೊರಗೆ ನೆನೆಯುವವಳ ಕಷ್ಟ ತಿಳಿಯುತ್ತದೆ. ಹೊಸ ಮಾತುಗಳು ನಾಲಿಗೆಗೆ ಬರುತ್ತವೆ. ಹಗಲ ಬೆಳಕಿನಲ್ಲಿ ಹೊರಗೆ ಹೆಚ್ಚು ಆಡುವ ಮಕ್ಕಳಲ್ಲಿ, ದೂರದ್ದು ಮಸುಕಾಗಿ ಕಾಣುವ ಕಣ್ಣಿನ ದೋಷ ಕಡಿಮೆಯೆಂದು ಅಧ್ಯಯನಗಳು ತೋರಿಸಿವೆ.

ಆಟಕ್ಕೆ ಮುನ್ನ ಎಚ್ಚರ

ಬಾವಿ, ಕೆರೆ: ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸಾಯುವವರ ಪ್ರಮಾಣ 1-4 ವರ್ಷದ ಮಕ್ಕಳಲ್ಲೇ ಅತಿ ಹೆಚ್ಚು. ಕಟ್ಟೆಯಿಲ್ಲದ ಬಾವಿ, ಬೇಲಿಯಿಲ್ಲದ ಕೆರೆಯ ಬಳಿ ಆಟ ಬೇಡ. ಹಿರಿಯರೊಬ್ಬರು ಹತ್ತಿರ ಇರಲೇಬೇಕು.

ಮದ್ದು: ಮೈಲುತುತ್ತಿನ ನೀಲಿ ಹರಳು ಮಗುವಿನ ಕಣ್ಣಿಗೆ ಬಣ್ಣದ ಕಲ್ಲುಸಕ್ಕರೆ. ಅದನ್ನು ಬೀಗ ಹಾಕಿಡಿ. ಖಾಲಿ ಡಬ್ಬಿಗಳೂ ಆಟಿಕೆಯಾಗಬಾರದು. ಮದ್ದು ಬಿಡುವ ದಿನ ಮಕ್ಕಳು ತೋಟಕ್ಕೆ ಬೇಡ. 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿಕೊಂಡ ನಮ್ಮ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಿಷದ ಕಾಯಿ: ಗುಲಗಂಜಿ, ಕಾಸರಕ, ಕಣಗಿಲೆ ಆಟದ ಅಡುಗೆಗೂ ಬೇಡ.

ಸೋಗೆ, ಹಾಳೆ: ರಾಶಿಯನ್ನು ಮೊದಲು ಹಿರಿಯರೇ ಕೋಲಿನಿಂದ ಸರಿಸಿ ನೋಡಲಿ, ಅಡಿಯಲ್ಲಿ ಹಾವು, ಚೇಳು ಇರಬಹುದು. ಆಟ ಮುಗಿದ ಮೇಲೆ ಹಾಳೆ, ಗೆರಟೆಗಳನ್ನು ಮಗುಚಿಡಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಬೆಳೆಯುತ್ತದೆ.

ಪ್ರಿಯ ಹೆತ್ತವರೇ, ಕೊಯ್ಲಿನ ಕೆಲಸ ಇಂದು ಉಳಿದರೆ ನಾಳೆಗಾದರೂ ಆದೀತು. ಮಗುವಿನ ನಾಲ್ಕನೆಯ ವರ್ಷ ಮತ್ತೆ ಬಾರದು. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರಿಗೆ ಇಂದು ಸಂಜೆ ಅಂಗಳದಲ್ಲೊಂದು ಕುರ್ಚಿ ಹಾಕಿಕೊಡಿ. ಉಳಿದದ್ದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ.